ಬನವಾಸಿಯಿಂದ ಬಂದ ಸೇಠ್

ಕೇಳುಗರೆಲ್ಲರಿಗೂ ನಮಸ್ಕಾರ.

ನಾನು ಮುಂಬೈಯ ಒಂದು ಕನ್ನಡ ರಾತ್ರಿ ಶಾಲೆಯಲ್ಲಿ ಪಾಠ ಹೇಳುತ್ತೇನೆ. ನನ್ನ ವಿದ್ಯಾರ್ಥಿಗಳು ಹದಿನೆಂಟು ದಾಟಿದವರು. ಹಗಲೆಲ್ಲ ಹೋಟೆಲು, ಕ್ಯಾಂಟೀನು, ಅಂಗಡಿ ಅಂತ ದುಡಿದು, ಸಂಜೆ ಮುಖ ತೊಳೆದುಕೊಂಡು ಬಂದು ಬೆಂಚಿನ ಮೇಲೆ ಕೂರುತ್ತಾರೆ. ಇವರಿಗೆ ಐದು ದಿನ ರಜೆ ಸಿಗುವುದು ಅಂದರೆ ಸುಮ್ನೆ ಅಲ್ಲ. ಒಬ್ಬೊಬ್ಬರ ಮಾಲೀಕರ ಹತ್ತಿರವೂ ಹೋಗಿ ಕೇಳಿಕೊಂಡು, ಕೊನೆಗೆ ಹದಿನಾರು ಜನರನ್ನು ಗುಹೆಗಳ ಪ್ರವಾಸಕ್ಕೆ ಕರೆದುಕೊಂಡು ಹೋದೆ. ನಾಶಿಕ್, ಜುನ್ನರ್, ಪುಣೆ ಆಯಿತು. ಇವತ್ತು ನಾನು ಹೇಳಬೇಕು ಅಂತಿರುವುದು ಕೊನೆಯ ಎರಡು ದಿನಗಳ ಮಾತು.

ನಾಲ್ಕನೇ ದಿನ ಶನಿವಾರ. ಎಲ್ಲರಿಗೂ ಕಾಲು ನೋವು, ನಿದ್ದೆ ಬೇರೆ ಸಾಲದು. ಪುಣೆಯಿಂದ ಲೋಕಲ್ ಹಿಡಿದು ಮಳವಲಿಯಲ್ಲಿ ಇಳಿದೆವು. ಸ್ಟೇಷನ್ನಿನ ಒಂದು ಕಡೆ ಭಾಜಾ, ಇನ್ನೊಂದು ಕಡೆ ಕಾರ್ಲಾ. ಬೆಳಿಗ್ಗೆ ಭಾಜಾ ನೋಡಿದೆವು. ಅಲ್ಲಿಯ ಚೈತ್ಯದ, ಅಂದರೆ ಬಂಡೆಯಲ್ಲಿ ಕಡೆದ ಬೌದ್ಧರ ಪ್ರಾರ್ಥನಾ ಮಂದಿರದ, ಕಂಬಗಳು ಒಳಕ್ಕೆ ಸ್ವಲ್ಪ ವಾಲಿವೆ. ಮರದ ಮನೆ ಕಟ್ಟುವವರು ಭಾರ ತಡೆಯಲಿ ಅಂತ ಕಂಬ ವಾಲಿಸುತ್ತಿದ್ದರು, ಅದನ್ನೇ ಕಲ್ಲಿನಲ್ಲೂ ಕಡೆದರು. ಕಲ್ಲಿಗೆ ಅದರ ಅಗತ್ಯವೇ ಇಲ್ಲ, ಆದರೂ ಕೈಗೆ ಬಂದ ಅಭ್ಯಾಸ ಬಿಡುವುದಿಲ್ಲ ಅಲ್ವಾ?

ಮಧ್ಯಾಹ್ನ ಕಾರ್ಲಾ ಹತ್ತಿದೆವು. ಮೆಟ್ಟಿಲುದ್ದಕ್ಕೂ ಹೂವು, ತೆಂಗಿನಕಾಯಿ, ಪೇಡೆ ಮಾರುವ ಅಂಗಡಿಗಳು. ಚೈತ್ಯದ ಬಾಗಿಲ ಹತ್ತಿರವೇ ಏಕವೀರಾ ದೇವಿಯ ಗುಡಿ ಇದೆ. ಕೋಳಿ ಜನರ, ಅಂದರೆ ಇಲ್ಲಿಯ ಮೀನುಗಾರರ ಮನೆದೇವರು. ಶನಿವಾರವಾದ್ದರಿಂದ ಜನ ಜಾತ್ರೆಯ ಹಾಗೆ. ಆ ಗದ್ದಲ ದಾಟಿ ಒಳಗೆ ಕಾಲಿಟ್ಟರೆ, ಸಾಲು ಕಂಬಗಳು, ಅವುಗಳ ತಲೆಯ ಮೇಲೆ ಆನೆ ಏರಿ ಕೂತ ಜೋಡಿಗಳು, ಮೇಲೆ ಕಮಾನಿನ ಛಾವಣಿಗೆ ಮರದ ಪಕ್ಕೆಗಳು. ಹೌದು, ನಿಜವಾದ ಮರ. ಸುಮಾರು 2,000 ವರ್ಷದ ಹಿಂದಿನದು, ಇವತ್ತಿಗೂ ಹಾಗೇ ಇದೆ. ಒಟ್ಟು 37 ಕಂಬ ಅಂತ ಹುಡುಗರು ಎಣಿಸಿ ಹೇಳಿದರು.

ಆದರೆ ನಾನು ಅವರನ್ನು ಕರೆದುಕೊಂಡು ಹೋಗಿದ್ದು ಬೇರೆಯದಕ್ಕೆ. ಹೊರಗಿನ ಮೊಗಸಾಲೆಯ ಎಡಗಡೆ ಬ್ರಾಹ್ಮಿ ಅನ್ನುವ ಹಳೆಯ ಲಿಪಿಯ ಒಂದು ಬರಹ ಇದೆ. ನಾಶಿಕಿನಿಂದಲೇ ನಾನು ಇವರಿಗೆ ದಿನಕ್ಕೆ ಕೆಲವು ಬ್ರಾಹ್ಮಿ ಅಕ್ಷರ ಕಲಿಸುತ್ತಾ ಬಂದಿದ್ದೆ. 'ಜ' ಅಂದರೆ ಇಂಗ್ಲಿಷಿನ 'E' ಅಕ್ಷರದ ಹಾಗೆ, 'ಯ' ಅಂದರೆ ದೋಣಿಯ ಲಂಗರಿನ ಹಾಗೆ, ಹೀಗೆ. ಅವರಲ್ಲಿ ಒಬ್ಬ ಹುಡುಗ ಶಿರಸಿ ಕಡೆಯವನು. ಮಾಟುಂಗಾದ ಹತ್ತಿರ ಒಂದು ಹೋಟೆಲಿನಲ್ಲಿ ಕೆಲಸ. ಅವನನ್ನೇ ಮುಂದೆ ನಿಲ್ಲಿಸಿ, ಓದು ಅಂದೆ. ಅವನು ಬೆರಳು ಗಾಳಿಯಲ್ಲೇ ಆಡಿಸುತ್ತಾ ಓದಿದ. ವೇ. ಜ. ಯಂ. ತಿ. ತೋ.

ವೇಜಯಂತಿತೋ. ಪ್ರಾಕೃತದಲ್ಲಿ ಹಾಗಂದರೆ ವೈಜಯಂತಿಯಿಂದ. ಮುಂದಿನದು, ಸೇಠಿ ಭೂತಪಾಲ ಅನ್ನುವವನು ಈ ಕಲ್ಲಿನ ಮನೆಯನ್ನು ಪೂರ್ತಿ ಮಾಡಿಸಿದ, ಜಂಬೂದ್ವೀಪದಲ್ಲೇ ಇದು ಉತ್ತಮ, ಅಂತ. ವೈಜಯಂತಿ ಎಲ್ಲಿ ಗೊತ್ತೇನೋ, ಅಂತ ಕೇಳಿದೆ. ಅವನಿಗೆ ಗೊತ್ತಿರಲಿಲ್ಲ. ನಿನ್ನ ಬನವಾಸಿಯ ಹಳೆಯ ಹೆಸರು ಕಣೋ, ವಿದ್ವಾಂಸರು ಗುರುತಿಸಿರುವುದು ಹಾಗೆ, ಅಂದೆ.

ಆ ಹುಡುಗ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಆಮೇಲೆ ಕೇಳಿದ, "ಸೇಠಿ ಅಂದರೆ ನಮ್ಮ ಹೋಟೆಲಿನ ಸೇಠ್ ಥರಾನಾ ಸರ್?" ಹೌದು, ವ್ಯಾಪಾರಿ, ದುಡ್ಡಿದ್ದವನು, ಅಂದೆ. ಬನವಾಸಿಯಿಂದ ಕಾರ್ಲಾ 500 ಕಿಲೋಮೀಟರಿಗಿಂತ ಜಾಸ್ತಿ ದಾರಿ. ಆ ಕಾಲದಲ್ಲಿ ಬೋರ್‌ಘಾಟ್ ಹತ್ತಿ ಇಳಿಯುವ ಸರಕೆಲ್ಲ ಈ ಬೆಟ್ಟಗಳ ಕೆಳಗೇ ಹಾದು ಕರಾವಳಿಯ ಬಂದರುಗಳಿಗೆ ಹೋಗುತ್ತಿತ್ತು. ಒಳಗಿನ ಕಂಬಗಳ ಮೇಲೆ ಧೇನುಕಾಕಟ ಅನ್ನುವ ಊರಿನ ಯವನರ, ಅಂದರೆ ಗ್ರೀಕರು ಅಂತ ಕರೆಸಿಕೊಂಡವರ ಹೆಸರಿದೆ, ಸೋಪಾರ ಬಂದರಿನವರ ಹೆಸರೂ ಇದೆ. ಹೆಚ್ಚಿನವರು ತಮ್ಮ ಹೆಸರಿನ ಜೊತೆ ಊರನ್ನೂ ಕೆತ್ತಿಸಿದ್ದಾರೆ. ನನಗೆ ಇದರಲ್ಲಿ ತುಂಬಾ ಇಷ್ಟವಾಗುವುದು ಅದೇ, ಊರಿನ ಹೆಸರು. ಭೂತಪಾಲನ ಬರಹದಲ್ಲಂತೂ ಮೊದಲು ಬರುವುದೇ ಊರು, ಅವನ ಹೆಸರು ಆಮೇಲೆ.

ಹುಡುಗ ಅಲ್ಲೇ ನಿಂತು ಊರಿಗೆ ಫೋನ್ ಹಚ್ಚಿದ. ಅಪ್ಪಾ, ಬನವಾಸಿಯವರು ಒಬ್ಬರು ಇಲ್ಲಿ ಗುಹೆ ಮಾಡಿಸಿದ್ದಾರೆ, ಹೆಸರು ಕಲ್ಲಲ್ಲಿದೆ, ನಾನೇ ಓದಿದೆ, ಅಂದ. ಆ ಕಡೆಯಿಂದ ಬಂದ ಪ್ರಶ್ನೆ ನಮಗೆಲ್ಲ ಕೇಳಿಸಿತು. "ಯಾರ ಮನೆಯವರಂತೆ?"

ಕೊನೆಯ ದಿನ ಭಾನುವಾರ, ಕಾನ್ಹೇರಿ. ಬೊರಿವಲಿಯ ಕಾಡಿನೊಳಗೆ ನೂರಕ್ಕೂ ಹೆಚ್ಚು ಗುಹೆಗಳು. ಗುಹೆಗಳ ಪಕ್ಕದಲ್ಲೇ ಬಂಡೆಯಲ್ಲಿ ಕೊರೆದ ನೀರಿನ ತೊಟ್ಟಿಗಳು, ಮಳೆನೀರು ಹರಿದು ಬರುವ ಕಾಲುವೆಗಳು. ದಿನಾ ನೀರಿಗೆ ಸಾಲು ನಿಲ್ಲುವ ಚಾಳಿನ ಹುಡುಗರು ಇದನ್ನು ನೋಡಿದ ರೀತಿಯೇ ಬೇರೆ. ಒಂದೊಂದು ತೊಟ್ಟಿಗೂ ಬಗ್ಗಿ ಬಗ್ಗಿ ನೋಡಿದರು. ಕೆಲವು ಗೋಡೆಗಳ ಮೇಲೆ ಇತ್ತೀಚಿನವರು ಹೆಸರು ಗೀಚಿ ಹಾಳು ಮಾಡಿದ್ದಾರೆ, ಅದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಕಾನ್ಹೇರಿಯಲ್ಲಿ ನಮ್ಮ ನೃಪತುಂಗನ ಕಾಲದ ಶಾಸನಗಳೂ ಇವೆ. ರಾಷ್ಟ್ರಕೂಟ ಅಮೋಘವರ್ಷ ಮಳಖೇಡದಿಂದ ಆಳುತ್ತಿದ್ದಾಗ ಕೊಂಕಣ ಅವನ ಸಾಮಂತರಾದ ಶಿಲಾಹಾರರ ಕೈಯಲ್ಲಿತ್ತು. ಒಂಬತ್ತನೇ ಶತಮಾನದ ಆ ದಾನಶಾಸನಗಳಲ್ಲಿ ಒಂದು, ಗುಹೆಯ ರಿಪೇರಿಗೆ ಇಷ್ಟು, ಭಿಕ್ಷುಗಳ ಬಟ್ಟೆಗೆ ಇಷ್ಟು, ಪುಸ್ತಕಕ್ಕೆ ಇಷ್ಟು ದ್ರಮ್ಮ ಅಂತ ದುಡ್ಡು ಹಂಚಿ ಇಡುತ್ತದೆ. ಪುಸ್ತಕಕ್ಕೆ! ನಮ್ಮ ಶಾಲೆಯ ಪಠ್ಯಪುಸ್ತಕಗಳೂ ಪ್ರತಿ ವರ್ಷ ಯಾರೋ ಕೊಟ್ಟ ದುಡ್ಡಿನಲ್ಲೇ ಬರುತ್ತವೆ. ಕೇಳುತ್ತಿದ್ದ ಒಬ್ಬ ಹುಡುಗಿ ತನ್ನ ನೋಟ್‌ಬುಕ್ಕಿನಲ್ಲಿ ಅದನ್ನು ಬರೆದುಕೊಂಡು ಕೆಳಗೆ ಎರಡು ಗೆರೆ ಎಳೆದಳು.

ಸಂಜೆ ಬೊರಿವಲಿ ಸ್ಟೇಷನ್. ಕೆಲವರು ವಿರಾರ್ ಕಡೆಗೆ, ಜಾಸ್ತಿ ಜನ ದಾದರ್ ಕಡೆಗೆ. ಶಿರಸಿಯ ಹುಡುಗನಿಗೆ ಮರುದಿನ ಬೆಳಿಗ್ಗೆ ಐದಕ್ಕೇ ಇಡ್ಲಿ ಹಿಟ್ಟಿನ ಮುಂದೆ ನಿಲ್ಲಬೇಕು. ಲೋಕಲ್ ಬರುವುದು ಕಂಡಿತು, ಬ್ಯಾಗು ಎದೆಗೆ ಹಾಕಿಕೊಂಡ. ಹತ್ತುವ ಮೊದಲು ತಿರುಗಿ ಕೇಳಿದ, "ಸರ್, ಭೂತಪಾಲ ವಾಪಸ್ ಊರಿಗೆ ಹೋದನಾ?"

ಅದನ್ನು ಕಲ್ಲಿನಲ್ಲಿ ಬರೆದಿಲ್ಲ ಕಣೋ, ಅಂದೆ. ಅಷ್ಟರಲ್ಲಿ ಜನ ಅವನನ್ನು ಒಳಗೆ ತಳ್ಳಿಕೊಂಡು ಹೋದರು.