ಟಬ್ ಬಿಚ್ಚೋಕೆ ಬರುತ್ತಾ?

ಕೇಳುಗರಿಗೆಲ್ಲ ನಮಸ್ಕಾರ. ಪುಣೆಯಲ್ಲಿ ನಾನು ವಾಷಿಂಗ್ ಮಷಿನ್ ರಿಪೇರಿ ಶುರು ಮಾಡಿ 26 ವರ್ಷ ಆಯಿತು. ಎಲ್ಲರೂ ಕೇಳುವುದು ಒಂದೇ: ಯಾವ ಕಂಪನಿದು ತಗೊಳ್ಳಲಿ? ನಾನು ಹೇಳುವುದೂ ಒಂದೇ. ಕಂಪನಿ ಆಮೇಲೆ. ಮೊದಲು ಅಂಗಡಿಯವನನ್ನು ಕೇಳಿ, ಟಬ್ ಬಿಚ್ಚೋಕೆ ಬರುತ್ತಾ?

ಮುಂದೆ ಬಾಗಿಲಿರುವ ಫ್ರಂಟ್ ಲೋಡ್ ಮಷಿನ್ ವಿಷಯ ಇದು. ಬಟ್ಟೆ ತಿರುಗುವ ಸ್ಟೀಲ್ ಡ್ರಮ್ಮಿನ ಹೊರಗೆ ಪ್ಲಾಸ್ಟಿಕ್ ಟಬ್ ಇರುತ್ತದೆ. ಅದು ಎರಡು ಹೋಳು. ಕೆಲವು ಮಷಿನ್‌ಗಳಲ್ಲಿ ಹೋಳುಗಳನ್ನು ಸ್ಕ್ರೂ ಹಾಕಿ ಜೋಡಿಸಿರುತ್ತಾರೆ. ಕೆಲವುದರಲ್ಲಿ ಕಾಯಿಸಿ ಅಂಟಿಸಿಬಿಟ್ಟಿರುತ್ತಾರೆ.

ಕೋಥ್ರೂಡ್‌ನಲ್ಲಿ ಧಾರವಾಡದ ಕಾಕು ಒಬ್ಬರಿದ್ದಾರೆ. 11 ವರ್ಷದ ಮಷಿನ್. "ಬಟ್ಟಿ ಹಿಂಡೋವಾಗ ವಿಮಾನ ಹೊಂಟಂಗ ಸಪ್ಪಳ ಬರ್ತದ ನೋಡ್ರಿ" ಅಂದರು. ಮೊದಲು ಬಂದವನು ಹೊಸದು ತಗೊಳ್ಳಿ ಅಂದಿದ್ದನಂತೆ. ನಾನು ಪ್ಲಗ್ ತೆಗೆದು, ಡ್ರಮ್ಮಿನ ಮೇಲಂಚು ಹಿಡಿದು ಎತ್ತಿದೆ. ಟಬ್ ಬಿಟ್ಟು ಡ್ರಮ್ ಮಾತ್ರ ಲಟಕ್ ಅಂತ ಅಲ್ಲಾಡಿತು. ಬೇರಿಂಗ್ ಹೋಗಿತ್ತು, ಅಂದರೆ ಡ್ರಮ್ ಸಲೀಸಾಗಿ ತಿರುಗಲೆಂದು ಟಬ್ಬಿನ ಹಿಂದೆ ಕೂರಿಸಿರುವ ಉಕ್ಕಿನ ಗುಂಡುಗಳ ಬಳೆ.

ಹಳೆ ಸೀರೆ ಹಾಸಿ ಬಿಚ್ಚಲು ಕೂತೆ. ಮಷಿನ್ ಕುಣಿಯದಂತೆ ಭಾರಕ್ಕೆ ಹಾಕಿರುವ ಸಿಮೆಂಟ್ ಕಲ್ಲು, ಬೆಲ್ಟ್, ಮೋಟರ್, ಆಮೇಲೆ ಟಬ್ಬಿನ ಸ್ಕ್ರೂ ಒಂದೊಂದೇ. ಕಾಕು ಒಗ್ಗರಣೆ ಡಬ್ಬಿ ಖಾಲಿ ಮಾಡಿಕೊಂಡು ಬಂದು, ಒಂದೊಂದು ಬಟ್ಟಲಲ್ಲಿ ಒಂದೊಂದು ಅಳತೆಯ ಸ್ಕ್ರೂ ಇಟ್ಟುಕೊಂಡರು. ಸಾಸಿವೆ ಬಟ್ಟಲಲ್ಲಿ ಸಣ್ಣವು! ಟಬ್ ತೆರೆದರೆ ಹಿಂದೆ ಕೆಂಪು ತುಕ್ಕಿನ ನೀರು ಇಳಿದ ಗೆರೆ. ರಬ್ಬರ್ ಸೀಲ್ ಸವೆದರೆ ನೀರು ಬೇರಿಂಗಿಗೆ ನುಗ್ಗುತ್ತದೆ, ಗ್ರೀಸ್ ತೊಳೆದುಹೋಗುತ್ತದೆ. ಬೇಕಾದದ್ದು ಎರಡು ಬೇರಿಂಗ್, ಒಂದು ಸೀಲ್. ಬೇರಿಂಗ್ ಮೇಲೆ 6205, 6206 ಅಂತ ನಂಬರ್ ಕೆತ್ತಿರುತ್ತದೆ. ಆ ನಂಬರ್ ಹೇಳಿದರೆ ಬೇರಿಂಗ್ ಅಂಗಡಿಯಲ್ಲೇ ಸಿಗುತ್ತದೆ. ಸಂಜೆ ಮಷಿನ್ ಹಿಂಡತೊಡಗಿತು. ಕಾಕು ಅದರ ಮೇಲೆ ಅಂಗೈ ಇಟ್ಟು ನಿಂತೇ ಇದ್ದರು. "ಸಪ್ಪಳನ ಇಲ್ಲಲ್ರಿ!"

ಅದೇ ಕಟ್ಟಡದಲ್ಲಿ ಇನ್ನೊಂದು ಮನೆ. ಮಷಿನ್‌ಗೆ 5 ವರ್ಷ. ಅದೇ ಬೇರಿಂಗ್, ಅದೇ ತುಕ್ಕು. ಆದರೆ ಅಂಟಿಸಿದ ಟಬ್. ಟಬ್ ಪೂರ್ತಿ ಬದಲಿಸಬೇಕು. ಬೆಲೆ ಕೇಳಿದವರು ಮಷಿನನ್ನೇ ಗುಜರಿಗೆ ಕೊಟ್ಟರು. 5 ಸ್ಟಾರ್ ಚೀಟಿ ಇನ್ನೂ ಬಾಗಿಲ ಮೇಲೇ ಇತ್ತು. ನನಗೆ ಸಿಟ್ಟು ಬಂತು. ಕರೆಂಟ್ ಉಳಿಸೋಕೆ ತಂದ ಮಷಿನ್ 5 ವರ್ಷಕ್ಕೇ ಗುಜರಿಗೆ ಹೋದರೆ ಉಳಿದದ್ದೇನು, ಹೇಳಿ? ಅದಕ್ಕೇ ಮತ್ತೆ ಮತ್ತೆ ಹೇಳ್ತೇನೆ, ಸ್ಟಾರ್ ನೋಡಿ, ಸ್ಕ್ರೂನೂ ನೋಡಿ.

ಸಮಯ ಆಗ್ತಾ ಬಂತು, ಉಳಿದದ್ದು ಬೇಗ ಹೇಳಿಬಿಡ್ತೇನೆ. ಬಿಸಿನೀರಿನಲ್ಲಿ ಒಗೆದರೆ ಕರೆಂಟ್ ಜಾಸ್ತಿ ತಿನ್ನುವುದು ಮೋಟರ್ ಅಲ್ಲ, ಹೀಟರ್. ದಿನದ ಬಟ್ಟೆಗೆ ತಣ್ಣೀರು ಸಾಕು. ವಾಕಡ್, ಹಿಂಜವಡಿ ಕಡೆ ಟ್ಯಾಂಕರ್, ಬೋರ್ ನೀರು ಬಳಸುವವರ ಹೀಟರಿಗೆ ಬಿಳಿ ಪದರ ಕಟ್ಟುತ್ತದೆ. ಆಗಾಗ ಆ ಪದರ ಕರಗಿಸುವ ಡಿಸ್ಕೇಲಿಂಗ್ ಪುಡಿ ಹಾಕಿ, ಬಟ್ಟೆ ಇಲ್ಲದೆ ಬಿಸಿನೀರಿನಲ್ಲಿ ಓಡಿಸಿ. ಸೋಪಿನ ಪುಡಿ ಸುಮ್ನೆ ಜಾಸ್ತಿ ಸುರಿಯಬೇಡಿ. ಕೆಳಗಿನ ಫಿಲ್ಟರ್ ತಿಂಗಳಿಗೊಮ್ಮೆ ತೊಳೆಯಿರಿ, ನೀರು ಹಿಡಿಯೋಕೆ ಮುಂದೆ ಒಂದು ಪರಾತ ಇಟ್ಟುಕೊಂಡು, ನಿಧಾನಕ್ಕೆ ತಿರುಗಿಸಿ.

ದೀಪಾವಳಿಗೆ ಹೊಸದು ತರುವವರಿದ್ದರೆ, ಅಂಗಡಿಯಿಂದಲೇ ಸರ್ವಿಸ್ ಸೆಂಟರಿಗೆ ಫೋನ್ ಮಾಡಿಸಿ. ಈ ಮಾಡೆಲ್ಲಿಗೆ ಬೇರಿಂಗ್ ಬಿಡಿಯಾಗಿ ಹಾಕ್ತೀರಾ, ಇಲ್ಲ ಟಬ್ ಪೂರ್ತಿ ಬದಲಿಸ್ತೀರಾ, ಅಂತ ಮರಾಠಿಯಲ್ಲೇ ಕೇಳಿ. ಉತ್ತರ ಬಂದ ಮೇಲೆ ದುಡ್ಡು ತೆಗೆಯಿರಿ. ನಮಸ್ಕಾರ.