ಬೇಕರಿ ಉತ್ತರಕ್ಕಿದೆ

ಎಲ್ಲರಿಗೂ ನಮಸ್ಕಾರ.

ನಿಜವಾದ ಊರುಗಳಲ್ಲಿ ನಾನು ದಾರಿ ತಪ್ಪಿದ್ದು ಕಡಿಮೆ. ಇಲ್ಲದ ಊರುಗಳಲ್ಲಿ ತಪ್ಪಿದ್ದಕ್ಕೆ ಲೆಕ್ಕವಿಲ್ಲ. ಇವತ್ತಿನ ಮಾತು ಆ ಇಲ್ಲದ ಊರುಗಳದ್ದು.

2000ದ ಸುಮಾರು. ಮೈಸೂರಿನ ಒಂದು ಸೈಬರ್ ಕೆಫೆ, ಗಂಟೆಗೆ 30 ರೂಪಾಯಿ. ಪಕ್ಕದ ಹುಡುಗರು ಕಾರ್ ರೇಸ್ ಆಡುತ್ತಿದ್ದರು. ನನ್ನ ಪರದೆಯ ಮೇಲೆ ಬರೀ ಅಕ್ಷರ. ಕಪ್ಪು ಬಣ್ಣದ ಮೇಲೆ ಬೂದು ಬಣ್ಣದ ಇಂಗ್ಲಿಷ್ ಸಾಲುಗಳು. ಕೆಫೆಯವರು ಒಮ್ಮೆ ಹಿಂದೆ ಬಂದು ನಿಂತು, "ಏನಪ್ಪಾ, ಕಂಪ್ಯೂಟರ್ ಕೆಟ್ಟೋಯ್ತಾ?" ಎಂದು ಕೇಳಿದ್ದರು. ಕೆಟ್ಟಿರಲಿಲ್ಲ. ನಾನು ಮಿಡ್ಗಾರ್ಡ್ ಎಂಬ ಊರಿನಲ್ಲಿ ಬೇಕರಿ ಹುಡುಕುತ್ತಿದ್ದೆ. ನನ್ನ ಪಾತ್ರಕ್ಕೆ ಹಸಿವಾಗಿತ್ತು. ಆಟ ಆಗಾಗ "ನಿನಗೆ ಹಸಿವಾಗಿದೆ" ಎಂದು ಒಂದು ಸಾಲು ಕಳಿಸುತ್ತಿತ್ತು. ಅತ್ತ ಗಂಟೆಯ ದುಡ್ಡು ಓಡುತ್ತಿತ್ತು, ಇತ್ತ ಬ್ರೆಡ್ಡು ಸಿಗುತ್ತಿರಲಿಲ್ಲ.

ಈ ಆಟಗಳನ್ನು ಮಡ್ ಎನ್ನುತ್ತಾರೆ. ಮಲ್ಟಿ ಯೂಸರ್ ಡಂಜನ್ ಎನ್ನುವುದರ ಮೊದಲ ಅಕ್ಷರಗಳು. ಚಿತ್ರ ಇಲ್ಲ, ಶಬ್ದ ಇಲ್ಲ. ನೀವು ನಿಂತ ಜಾಗವನ್ನು ಆಟ ನಾಲ್ಕು ಸಾಲಿನಲ್ಲಿ ಹೇಳುತ್ತದೆ. ನೀವು 'ಎನ್' ಎಂದು ಒತ್ತಿದರೆ ಉತ್ತರಕ್ಕೆ ಒಂದು ಹೆಜ್ಜೆ, 'ಎಸ್' ಎಂದರೆ ದಕ್ಷಿಣಕ್ಕೆ. ಪ್ರತಿ ಜಾಗಕ್ಕೂ 'ರೂಮ್' ಎಂದೇ ಹೆಸರು. ಬಯಲಾದರೂ ರೂಮ್, ಬೀದಿಯಾದರೂ ರೂಮ್. ಅದೇ ಹೊತ್ತಿಗೆ ಬೇರೆ ದೇಶಗಳ ಹತ್ತಾರು ಜನ ಅದೇ ಊರಿನಲ್ಲಿ ಓಡಾಡುತ್ತಿರುತ್ತಾರೆ. ಮೊದಲನೆಯ ಮಡ್ ಹುಟ್ಟಿದ್ದು 1978ರಲ್ಲಿ, ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ. ರಾಯ್ ಟ್ರಬ್‌ಶಾ ಎಂಬ ವಿದ್ಯಾರ್ಥಿ ಶುರುಮಾಡಿದ, ರಿಚರ್ಡ್ ಬಾರ್ಟಲ್ ಮುಂದುವರಿಸಿದ.

ದಾರಿ ತಪ್ಪಿಸುವ ಚಟ ಮಾತ್ರ ಅದಕ್ಕಿಂತ ಹಳೆಯದು. ವಿಲ್ ಕ್ರೌಥರ್ ಎಂಬ ಅಮೆರಿಕದ ಪ್ರೋಗ್ರಾಮರ್ ಇದ್ದರು. ಇಂಟರ್ನೆಟ್ಟಿನ ಅಜ್ಜನಾದ ಅರ್ಪಾನೆಟ್ ಕಟ್ಟಿದವರಲ್ಲಿ ಒಬ್ಬರು. ರಜಾ ದಿನಗಳಲ್ಲಿ ಕೆಂಟಕಿಯ ಮ್ಯಾಮತ್ ಗುಹೆಗಳಲ್ಲಿ ತೆವಳಿ ನಕ್ಷೆ ಮಾಡುವುದು ಅವರ ಹವ್ಯಾಸ. ಮಕ್ಕಳಿಗೆಂದು ಆ ಗುಹೆಯನ್ನೇ ಅಕ್ಷರದ ಆಟ ಮಾಡಿದರು. 1977ರಲ್ಲಿ ಡಾನ್ ವುಡ್ಸ್ ಅದನ್ನು ಬೆಳೆಸಿದರು. ಅದರಲ್ಲೊಂದು ಚಕ್ರವ್ಯೂಹ ಇದೆ. ಯಾವ ಕಡೆ ಹೋದರೂ ಬರುವುದು ಅದೇ ಮಾತು: ಸುತ್ತುಬಳಸಿನ ಸಣ್ಣ ದಾರಿಗಳು, ಎಲ್ಲ ಒಂದೇ ಥರ. ಆಟಗಾರರು ಇದಕ್ಕೊಂದು ಉಪಾಯ ಕಂಡುಕೊಂಡರು. ಕೈಯಲ್ಲಿರುವ ಸಾಮಾನನ್ನು ಒಂದೊಂದು ರೂಮಿನಲ್ಲಿ ಒಂದೊಂದು ಬಿಟ್ಟು ಹೋಗುವುದು. ಮತ್ತೆ ಅಲ್ಲಿಗೇ ಬಂದರೆ ಬೀಗದ ಕೈ ಬಿದ್ದಿರುತ್ತದೆ, ಓಹೋ ಇದು ಮೂರನೆಯ ರೂಮು ಎಂದು ಗೊತ್ತಾಗುತ್ತದೆ.

ಇದನ್ನು ಎಲ್ಲೋ ಓದಿದ್ದ ನಾನು ಮಿಡ್ಗಾರ್ಡಿನಲ್ಲೂ ಹಾಗೇ ಮಾಡಿದೆ. ಬೀದಿಬೀದಿಗೆ ಒಂದು ಸಾಮಾನು ಬಿಟ್ಟೆ. ವಾಪಸ್ ಬಂದರೆ ಏನೂ ಇಲ್ಲ. ಹೊಸ ಬೀದಿಗೆ ಬಂದಿದ್ದೇನೆ ಅಂದುಕೊಂಡು ಇನ್ನೊಂದು ಸಾಮಾನು ಬಿಟ್ಟೆ. ಅದೂ ಹೋಯಿತು. ಆಮೇಲೆ ತಿಳಿದದ್ದು: ಆ ಊರಿನಲ್ಲಿ ಒಬ್ಬ ಪೌರಕಾರ್ಮಿಕ ಇದ್ದಾನೆ. ಅವನೂ ಪ್ರೋಗ್ರಾಮಿನ ಭಾಗವೇ. ಬೀದಿ ಸುತ್ತುತ್ತಿರುತ್ತಾನೆ, ಕಡಿಮೆ ಬೆಲೆಯ ಸಾಮಾನು ನೆಲದ ಮೇಲೆ ಕಂಡರೆ ಕಸ ಎಂದು ಎತ್ತಿಕೊಳ್ಳುತ್ತಾನೆ. ಬೆಲೆಬಾಳುವ ಸಾಮಾನು ಬಿಟ್ಟರೆ? ಅದನ್ನು ಬೇರೆ ಆಟಗಾರ ಎತ್ತಿಕೊಳ್ಳುತ್ತಾನೆ! ಗುಹೆಯ ಬುದ್ಧಿ ಊರಿನಲ್ಲಿ ನಡೆಯುವುದಿಲ್ಲ. ಗುಹೆಯಲ್ಲಿ ನೀವೊಬ್ಬರೇ. ಊರೆಂದರೆ ಜನ, ಜನ ಎಂದರೆ ಯಾವುದೂ ಇಟ್ಟಲ್ಲಿ ಇರುವುದಿಲ್ಲ.

ಈ ಮಿಡ್ಗಾರ್ಡ್ ಡಿಕುಮಡ್ ಎಂಬ ಆಟದ ಊರು. ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಭಾಗದ ಐದು ಜನ ವಿದ್ಯಾರ್ಥಿಗಳು ಬರೆದದ್ದು, 1991ರಲ್ಲಿ ಹೊರಗೆ ಬಂದದ್ದು. ಆ ವಿಭಾಗದ ಹೆಸರಿನ ಮೊದಲ ಅಕ್ಷರಗಳೇ 'ಡಿಕು'. ಮಿಡ್ಗಾರ್ಡ್ ಎನ್ನುವುದು ನಾರ್ಸ್ ಪುರಾಣದಲ್ಲಿ ಮನುಷ್ಯರು ಇರುವ ಲೋಕ. ಅವರು ಪ್ರೋಗ್ರಾಮನ್ನು ಹಂಚಿದರು, ಜನ ಊರಿನ ಸಮೇತ ನಕಲು ಮಾಡಿಕೊಂಡರು. ಹಾಗಾಗಿ ಎಷ್ಟೋ ಮಡ್‌ಗಳಲ್ಲಿ ಅದೇ ದೇವಸ್ಥಾನ, ಅದೇ ಮಾರುಕಟ್ಟೆ.

ಊರು ತೀರಾ ಸಣ್ಣದು, ನೂರು ರೂಮು ಕೂಡ ಇಲ್ಲ. ದೇವಸ್ಥಾನದ ಮೆಟ್ಟಿಲು ಇಳಿದರೆ ದೇವಸ್ಥಾನದ ಚೌಕ. ಅಲ್ಲಿಂದ ದಕ್ಷಿಣಕ್ಕೆ ಮಾರುಕಟ್ಟೆ ಚೌಕ. ಇನ್ನೂ ದಕ್ಷಿಣಕ್ಕೆ ಇನ್ನೊಂದು ಚೌಕ, ಅದರಾಚೆ ಊರಿನ ತಿಪ್ಪೆ. (ಆ ತಿಪ್ಪೆಯಲ್ಲಿ ಏನಾದರೂ ಎಸೆದರೆ ಊರಿನವರು ನಿಮಗೆ ಸಣ್ಣ ಬಹುಮಾನ ಕೊಡುತ್ತಾರೆ. ನಮ್ಮ ನಗರಪಾಲಿಕೆಗಳು ಗಮನಿಸಬೇಕು.) ಮಾರುಕಟ್ಟೆ ಚೌಕದಿಂದ ಪೂರ್ವಕ್ಕೂ ಪಶ್ಚಿಮಕ್ಕೂ ಒಂದು ಬೀದಿ ಹೋಗುತ್ತದೆ. ಹೆಸರು ಮೇನ್ ಸ್ಟ್ರೀಟ್.

ಇಲ್ಲೇ ನಾನು ಕೆಟ್ಟದ್ದು. ಪೂರ್ವಕ್ಕೆ ಎರಡು ರೂಮು, ಪಶ್ಚಿಮಕ್ಕೆ ಎರಡು ರೂಮು. ನಾಲ್ಕಕ್ಕೂ ಹೆಸರು ಮೇನ್ ಸ್ಟ್ರೀಟ್. ನಾಲ್ಕರಲ್ಲೂ ಉತ್ತರಕ್ಕೊಂದು ಬಾಗಿಲು, ದಕ್ಷಿಣಕ್ಕೊಂದು ಬಾಗಿಲು. 'ಎಕ್ಸಿಟ್ಸ್' ಎಂದು ಬರೆದರೆ ಯಾವ ದಿಕ್ಕಿಗೆ ಏನಿದೆ ಎಂದು ಆಟವೇ ಹೇಳುತ್ತದೆ. ಮಾರುಕಟ್ಟೆ ಚೌಕದಲ್ಲಿ ನಿಂತು ಕೇಳಿದರೆ ಉತ್ತರ: ಪೂರ್ವಕ್ಕೆ ಮೇನ್ ಸ್ಟ್ರೀಟ್, ಪಶ್ಚಿಮಕ್ಕೆ ಮೇನ್ ಸ್ಟ್ರೀಟ್. ಇದನ್ನು ಕಟ್ಟಿಕೊಂಡು ಏನು ಮಾಡೋಣ ಹೇಳಿ!

ಬೇಕರಿ ಎಲ್ಲಿ ಎಂದು ಒಬ್ಬ ಆಟಗಾರನನ್ನು ಕೇಳಿದ್ದೆ. ಅವನು, ದೇವಸ್ಥಾನದಿಂದ ಇಳಿದು ಬಂದು ಮಾರುಕಟ್ಟೆಯಲ್ಲಿ ಬಲಕ್ಕೆ, ಮತ್ತೆ ಬಲಕ್ಕೆ ಎಂದು ಹೇಳಿ ಹೋದ. ನಾನು ಬಲಕ್ಕೆ ಅಂದರೆ ಪೂರ್ವ ಅಂದುಕೊಂಡೆ. ಶಾಲೆಯ ಗೋಡೆಯ ಭೂಪಟದಲ್ಲಿ ಬಲಗಡೆ ಪೂರ್ವ ತಾನೆ? ಆದರೆ ನಾನು ದಕ್ಷಿಣಕ್ಕೆ ಮುಖ ಮಾಡಿ ನಡೆದು ಬಂದಿದ್ದೆ. ದಕ್ಷಿಣಕ್ಕೆ ನಡೆಯುವವನ ಬಲಗೈ ಪಶ್ಚಿಮಕ್ಕಿರುತ್ತದೆ. ನಾನು ಪೂರ್ವಕ್ಕೆ ಹೋಗಿ, ಉತ್ತರದ ಬಾಗಿಲು ಹೊಕ್ಕೆ. ಅದು ದಿನಬಳಕೆಯ ಸಾಮಾನಿನ ಅಂಗಡಿ. ಚೀಲ ಇದೆ, ಪಂಜು ಇದೆ, ಬ್ರೆಡ್ಡಿಲ್ಲ. ಇನ್ನೊಂದು ಹೆಜ್ಜೆ ಪೂರ್ವಕ್ಕೆ ಹೋಗಿ ಉತ್ತರದ ಬಾಗಿಲು ಹೊಕ್ಕೆ. ಕತ್ತಿ ಅಂಗಡಿ. ಮತ್ತೂ ಪೂರ್ವಕ್ಕೆ ಹೋದರೆ ಊರಿನ ಹೆಬ್ಬಾಗಿಲೇ ಬಂತು.

ಮಡ್ ಆಟದಲ್ಲಿ ನಿಮಗೆ ಮುಖ ಎನ್ನುವುದೇ ಇಲ್ಲ. ಯಾವ ಕಡೆ ತಿರುಗಿ ನಿಂತಿದ್ದೀರಿ ಎಂಬ ಲೆಕ್ಕವನ್ನೇ ಪ್ರೋಗ್ರಾಮ್ ಇಟ್ಟಿರುವುದಿಲ್ಲ. ಎಡ ಬಲ ಇಲ್ಲ, ಇರುವುದು ದಿಕ್ಕು ಮಾತ್ರ. ನಮ್ಮಂಥ ಪೇಟೆ ಮಂದಿಗೆ ಇದು ಕಷ್ಟ. ನಮ್ಮ ಅಜ್ಜಿಗೆ ಆಗಿದ್ದರೆ ಸಲೀಸು. ಅವರು ಎಡ ಬಲ ಅಂದದ್ದನ್ನು ನಾನು ಕೇಳಿಯೇ ಇಲ್ಲ. ಊಟಕ್ಕೆ ಕೂತಾಗ "ಆ ಚೊಂಬನ್ನ ಒಸಿ ಪಡುವಲಾಗಿ ಜರುಗಿಸು" ಅನ್ನುವರು. ಅಡುಗೆಮನೆಯಲ್ಲೂ ಅವರಿಗೆ ಮೂಡಲು ಪಡುವಲು ಗೊತ್ತಿರುತ್ತಿತ್ತು. ಇಂಥವರು ಮಿಡ್ಗಾರ್ಡಿನಲ್ಲಿ ಒಂದು ದಿನವೂ ಹಸಿದಿರುತ್ತಿರಲಿಲ್ಲ.

ಸರಿ, ದಿಕ್ಕಿನ ತಪ್ಪು ಒಂದು. ಅದಕ್ಕಿಂತ ದೊಡ್ಡ ತಪ್ಪು ಬೇರೆ ಇತ್ತು. ಆಟದಲ್ಲಿ 'ಬ್ರೀಫ್' ಎಂಬ ಆಜ್ಞೆ ಇದೆ. ಅದನ್ನು ಹಾಕಿದರೆ ರೂಮಿನ ಹೆಸರು ಮಾತ್ರ ಬರುತ್ತದೆ, ವಿವರಣೆ ಬರುವುದಿಲ್ಲ. ಕೆಫೆಯ ಸಂಪರ್ಕ ನಿಧಾನ, ದುಡ್ಡು ಬೇರೆ ಓಡುತ್ತಿದೆ, ಅಷ್ಟೊಂದು ಯಾರು ಓದುತ್ತಾರೆ ಎಂದು ಹಾಕಿಬಿಟ್ಟಿದ್ದೆ. ಪಶ್ಚಿಮದ ಮೇನ್ ಸ್ಟ್ರೀಟಿನ ವಿವರಣೆಯಲ್ಲಿ ಸ್ಪಷ್ಟವಾಗಿ ಬರೆದಿದೆ: ಬೇಕರಿ ಉತ್ತರಕ್ಕಿದೆ, ಕವಚದ ಅಂಗಡಿ ದಕ್ಷಿಣಕ್ಕಿದೆ, ಪೂರ್ವಕ್ಕೆ ಮಾರುಕಟ್ಟೆ. ನಾಲ್ಕು ಬೀದಿಗೆ ಒಂದೇ ಹೆಸರಿಟ್ಟವರು ನಾಲ್ಕಕ್ಕೂ ಬೇರೆ ಬೇರೆ ವಿವರಣೆ ಬರೆದಿದ್ದರು. ಸಮಯ ಉಳಿಸಲು ನಾನು ಮುಚ್ಚಿಟ್ಟದ್ದು ಆ ಬೀದಿಗಳ ನಡುವಿನ ವ್ಯತ್ಯಾಸವನ್ನೇ.

ಈಗ ನಕ್ಷೆಯ ವಿಷಯಕ್ಕೆ ಬರೋಣ. ದಾರಿ ತಪ್ಪಿದವರೆಲ್ಲ ಮೊದಲು ಮಾಡುವ ಕೆಲಸ ಚೌಕುಳಿ ಹಾಳೆ ತಂದು ಪೆನ್ಸಿಲ್ ಹಿಡಿಯುವುದು. ಒಂದು ಚೌಕ ಒಂದು ರೂಮು. ಹತ್ತು ರೂಮಿನವರೆಗೆ ಚೆನ್ನಾಗಿರುತ್ತದೆ. ಆಮೇಲೆ ಉತ್ತರಕ್ಕೆ ಎರಡು, ಪೂರ್ವಕ್ಕೆ ಎರಡು, ದಕ್ಷಿಣಕ್ಕೆ ಎರಡು, ಪಶ್ಚಿಮಕ್ಕೆ ಎರಡು ಹೆಜ್ಜೆ ಹಾಕಿದರೂ ಹೊರಟ ಜಾಗ ಬರುವುದಿಲ್ಲ. ಎರಡು ರೂಮು ಒಂದೇ ಚೌಕದಲ್ಲಿ ಕೂರಬೇಕಾಗುತ್ತದೆ. ರಬ್ಬರಿನಲ್ಲಿ ಅಳಿಸಿ ಅಳಿಸಿ ಹಾಳೆ ತೂತಾಗುತ್ತದೆ.

ಯಾಕೆ ಹೀಗೆ? ಊರು ಹೇಗೆ ಬರೆದಿರುತ್ತಾರೆ ಎಂದು ನೋಡಿದರೆ ಗೊತ್ತಾಗುತ್ತದೆ. ಡಿಕುಮಡ್‌ನಲ್ಲಿ ಊರು ಎಂದರೆ ಒಂದು ಉದ್ದನೆಯ ಫೈಲ್. ಪ್ರತಿ ರೂಮಿಗೂ ಒಂದು ಸಂಖ್ಯೆ. ಮಿಡ್ಗಾರ್ಡಿನ ದೇವಸ್ಥಾನ 3001, ಮಾರುಕಟ್ಟೆ ಚೌಕ 3014. ಸಂಖ್ಯೆಯ ಕೆಳಗೆ ಹೆಸರು, ವಿವರಣೆ. ಅದರ ಕೆಳಗೆ ಆರು ದಿಕ್ಕು: ಉತ್ತರ, ಪೂರ್ವ, ದಕ್ಷಿಣ, ಪಶ್ಚಿಮ, ಮೇಲೆ, ಕೆಳಗೆ. ಬಾಗಿಲಿರುವ ದಿಕ್ಕಿನ ಮುಂದೆ ಅದು ಯಾವ ಸಂಖ್ಯೆಯ ರೂಮಿಗೆ ಹೋಗುತ್ತದೆ ಎಂದು ಬರೆದಿರುತ್ತದೆ. ಅಷ್ಟೇ. ಉದ್ದ ಇಲ್ಲ, ಅಗಲ ಇಲ್ಲ, ಇಷ್ಟು ಅಡಿ ಎಂಬ ಲೆಕ್ಕ ಇಲ್ಲ. ದೇವಸ್ಥಾನದ ಚೌಕ ದಾಟುವುದೂ ಒಂದು ಹೆಜ್ಜೆ, ಒಂದು ಬಯಲನ್ನೇ ದಾಟುವುದೂ ಒಂದು ಹೆಜ್ಜೆ. ಇಲ್ಲಿಂದ ಉತ್ತರಕ್ಕೆ ಹೋದರೆ ಅಲ್ಲಿಂದ ದಕ್ಷಿಣಕ್ಕೆ ವಾಪಸ್ ಬರಬಹುದು ಎಂಬ ಖಾತರಿಯೂ ಇಲ್ಲ. ಬರೆದವರು ವಾಪಸ್ ದಾರಿಯನ್ನು ಬೇಕೆಂದೇ ಬಿಟ್ಟಿರಬಹುದು, ಸುಮ್ನೆ ಮರೆತಿರಲೂಬಹುದು. ಎರಡನೆಯದೇ ಜಾಸ್ತಿ ಎಂದು ನನ್ನ ಅನುಮಾನ. ನಾನೂ ಒಂದು ಊರು ಬರೆದು ಮರೆತವನು.

ಹಾಗಾಗಿ ಚೌಕುಳಿ ಹಾಳೆ ಬೇಡ. 1736ರಲ್ಲಿ ಆಯ್ಲರ್ ಎಂಬ ಗಣಿತಜ್ಞ ಕೋನಿಗ್ಸ್‌ಬರ್ಗ್ ಊರಿನ ಏಳು ಸೇತುವೆಗಳ ಲೆಕ್ಕ ಬಿಡಿಸಿದ. ಪ್ರತಿ ಸೇತುವೆಯನ್ನೂ ಒಂದೇ ಸಲ ದಾಟಿ ಊರು ಸುತ್ತಬಹುದೇ ಎನ್ನುವುದು ಪ್ರಶ್ನೆ. ಆಗುವುದಿಲ್ಲ ಎಂದು ತೋರಿಸಿದ. ತೋರಿಸಲು ಅವನು ದೂರವನ್ನು ಬಿಟ್ಟ, ಆಕಾರವನ್ನು ಬಿಟ್ಟ. ಯಾವ ನೆಲಕ್ಕೆ ಎಷ್ಟು ಸೇತುವೆ ಎನ್ನುವುದನ್ನು ಮಾತ್ರ ಇಟ್ಟುಕೊಂಡ. ಮಡ್ ಊರು ಹುಟ್ಟುವಾಗಲೇ ಹಾಗಿದೆ. ನಮ್ಮ ಮೆಟ್ರೋ ನಕ್ಷೆ ನೋಡಿ. ನೇರಳೆ ಗೆರೆಯೂ ಹಸಿರು ಗೆರೆಯೂ ಮೆಜೆಸ್ಟಿಕ್‌ನಲ್ಲಿ ಸೇರುತ್ತವೆ, ಇದಾದ ಮೇಲೆ ಅದು ಬರುತ್ತದೆ. ನಿಜವಾದ ತಿರುವುಗಳು ಅದರಲ್ಲಿ ಇಲ್ಲ, ಆದರೂ ಯಾರೂ ತಪ್ಪು ನಿಲ್ದಾಣದಲ್ಲಿ ಇಳಿಯುವುದಿಲ್ಲ. ಖಾಲಿ ಹಾಳೆಯ ಮೇಲೆ ಹಾಗೆ ಬರೆಯಿರಿ. ರೂಮಿಗೊಂದು ಸೊನ್ನೆ ಸುತ್ತಿ, ಅದರಿಂದ ಗೆರೆ ಎಳೆಯಿರಿ, ಗೆರೆಯ ಮೇಲೆ ದಿಕ್ಕು ಬರೆಯಿರಿ. ಗೆರೆ ಸೊಟ್ಟಗಾದರೆ ಆಗಲಿ. ವಾಪಸ್ ನಡೆದು ನೋಡುವ ತನಕ ಬಾಣದ ಗುರುತು ಒಂದೇ ಕಡೆಗಿರಲಿ. ಒಂದೇ ಹೆಸರಿನ ರೂಮುಗಳಿಗೆ ನೀವೇ ಅಡ್ಡಹೆಸರು ಇಡಿ. ನನ್ನ ಹಾಳೆಯಲ್ಲಿ ಆ ನಾಲ್ಕು ಬೀದಿಗಳು ಬ್ರೆಡ್ ಬೀದಿ, ಚೀಲದ ಬೀದಿ, ಕತ್ತಿ ಬೀದಿ, ಮಂತ್ರದ ಬೀದಿ. ಕೊನೆಯದರಲ್ಲಿ ಮಂತ್ರವಾದಿಗಳ ಸಂಘ ಇದೆ.

ಈಗ ಇದೆಲ್ಲ ಯಾಕೆ, ನಕ್ಷೆಯನ್ನು ಸಾಫ್ಟ್‌ವೇರೇ ಬರೆಯುತ್ತದಲ್ಲ ಎಂದು ಕೇಳಬಹುದು. ಮಡ್ಲೆಟ್‌ನಂಥ ಸಾಫ್ಟ್‌ವೇರ್ ಉಚಿತವಾಗಿ ಸಿಗುತ್ತದೆ, ನೀವು ನಡೆದಂತೆ ನಕ್ಷೆ ಮೂಡುತ್ತಾ ಹೋಗುತ್ತದೆ. ಅಕೇಯಾದಂಥ ಆಟಗಳು ರೂಮಿನ ಸಂಖ್ಯೆಯನ್ನು ಜಿಎಂಸಿಪಿ ಎಂಬ ಪದ್ಧತಿಯಲ್ಲಿ ಹಿಂಬಾಗಿಲಿನಿಂದ ಕಳಿಸುತ್ತವೆ. ಅಲ್ಲಿ ನಕ್ಷೆ ತಪ್ಪುವುದು ಅಪರೂಪ. ಸಂಖ್ಯೆ ಕಳಿಸದ ಹಳೆಯ ಆಟಗಳಲ್ಲಿ ಸಾಫ್ಟ್‌ವೇರ್ ಹೆಸರು, ವಿವರಣೆ, ಬಾಗಿಲು ನೋಡಿ ಊಹಿಸಬೇಕು. ಬ್ರೀಫ್ ಹಾಕಿಟ್ಟರೆ ನಾಲ್ಕು ಮೇನ್ ಸ್ಟ್ರೀಟನ್ನು ಒಂದೇ ಎಂದು ಅದು ಹೊಲಿದುಬಿಡಬಹುದು. ಥೇಟ್ ನನ್ನ ಹಾಗೆ.

ಇನ್ನೊಂದು ಸೌಕರ್ಯ ಸ್ಪೀಡ್‌ವಾಕ್. ದಾರಿಯ ಅಕ್ಷರಗಳನ್ನೆಲ್ಲ ಒಟ್ಟಿಗೆ ಕೊಟ್ಟು ಒಂದೇ ಏಟಿಗೆ ಓಡುವುದು. ನಾನೂ ಬಳಸುತ್ತೇನೆ, ಸುಳ್ಳು ಯಾಕೆ ಹೇಳಲಿ. ಆದರೆ ನಡುವೆ ಒಂದು ಹೆಜ್ಜೆ ಬೀಳದಿದ್ದರೆ ಉಳಿದ ಹೆಜ್ಜೆಗಳು ನಿಲ್ಲುವುದಿಲ್ಲ. ದೇವಸ್ಥಾನದ ಚೌಕದಿಂದ ಬೇಕರಿಗೆ ದಕ್ಷಿಣ, ಪಶ್ಚಿಮ, ಉತ್ತರ. ಆ ದಕ್ಷಿಣದ ಹೆಜ್ಜೆಯ ಹೊತ್ತಿಗೆ ಯಾರೋ ಮೈಮೇಲೆ ಬಿದ್ದರೆ ಅದು ಬೀಳುವುದಿಲ್ಲ. ಅಷ್ಟರಲ್ಲಿ ಜಗಳ ಮುಗಿದರೆ ಪಶ್ಚಿಮದ ಹೆಜ್ಜೆ ಬೀಳುತ್ತದೆ. ಬ್ರೆಡ್ಡಿಗೆ ಹೊರಟವರು ಅರ್ಚಕರ ಸಂಘದ ಬಾಗಿಲಲ್ಲಿ ನಿಂತಿರುತ್ತೀರಿ. ವರ್ಷಗಟ್ಟಲೆ ಓಡಾಡಿದ ಊರಾದರೂ ಆಗ ಎಲ್ಲಿದ್ದೀರಿ ಎಂದು ಗೊತ್ತಾಗುವುದಿಲ್ಲ, ಯಾಕೆಂದರೆ ಆ ಊರನ್ನು ನೀವು ಓದಿಯೇ ಇಲ್ಲ.

ನಾನು ಕಂಡವರಲ್ಲಿ ಮಡ್ ಊರುಗಳು ಚೆನ್ನಾಗಿ ಗೊತ್ತಿದ್ದವನು ಕಣ್ಣು ಕಾಣದ ಒಬ್ಬ ಆಟಗಾರ. ಅಂಧರು ಈ ಆಟಗಳನ್ನು ತುಂಬ ಆಡುತ್ತಾರೆ. ಪರದೆಯ ಅಕ್ಷರಗಳನ್ನು ಸ್ಕ್ರೀನ್ ರೀಡರ್ ಓದಿ ಹೇಳುತ್ತದೆ, ಚಿತ್ರವೇ ಇಲ್ಲದ ಕಡೆ ಕಳೆದುಕೊಳ್ಳುವುದೂ ಏನಿಲ್ಲ. ಕೆಲವು ಆಟಗಳು ಚುಕ್ಕಿ, ಗೆರೆ, ನಕ್ಷತ್ರ ಜೋಡಿಸಿ ಸಣ್ಣ ನಕ್ಷೆ ತೋರಿಸುತ್ತವೆ. ನಮಗೆ ಅದೇ ಆಧಾರ. ಸ್ಕ್ರೀನ್ ರೀಡರಿಗೆ ಅದು "ಸ್ಟಾರ್ ಡ್ಯಾಶ್ ಡ್ಯಾಶ್ ಸ್ಟಾರ್" ಎಂಬ ಪಿರಿಪಿರಿ. ಅವನು ಅದನ್ನು ಬಂದ್ ಮಾಡಿಟ್ಟಿದ್ದ. ಒಮ್ಮೆ ಇಬ್ಬರೂ ಒಂದು ಹೊಸ ಊರಿಗೆ ಹೋದೆವು. ನನ್ನ ನಕ್ಷೆ ಗೋಜಲಾಗಿ ನಾನು ನಿಂತೆ. ಅವನು ಬಂದ ದಾರಿಯನ್ನು ಉದ್ದಕ್ಕೂ ಒಪ್ಪಿಸಿದ: ಮೀನಿನ ವಾಸನೆಯ ಓಣಿ, ಅದಾದ ಮೇಲೆ ಒಡೆದ ಕಾರಂಜಿ, ಕಾರಂಜಿಯಿಂದ ಪೂರ್ವಕ್ಕೆ ಕಮ್ಮಾರನ ಸದ್ದು. ಅವನು ಪ್ರತಿ ರೂಮಿನ ವಿವರಣೆಯನ್ನೂ ಮೊದಲ ಸಲ ಪೂರ್ತಿ ಕೇಳಿಸಿಕೊಂಡಿದ್ದ. ಮೀನಿನ ವಾಸನೆ ನನ್ನ ಪರದೆಯ ಮೇಲೂ ಬಂದುಹೋಗಿತ್ತು.

ಮೈಸೂರಿನಲ್ಲಿ ಬ್ರೆಡ್ಡು ಸಿಗದ ಆ ದಿನದ ಮಾರನೆಯ ದಿನ ಅದೇ ಕೆಫೆಗೆ ಹೋಗಿದ್ದೆ. ಬ್ರೀಫ್ ತೆಗೆದೆ. ನೋಟ್‌ಬುಕ್ಕಿನ ಒಂದು ಖಾಲಿ ಹಾಳೆ ಇಟ್ಟುಕೊಂಡೆ. ಮಾರುಕಟ್ಟೆ ಚೌಕದಿಂದ ಪಶ್ಚಿಮಕ್ಕೆ ಹೋಗಿ, ನಿಂತು, ಓದಿದೆ. ಉತ್ತರಕ್ಕೆ ಹೋಗಿ ಎರಡು ಬ್ರೆಡ್ ತೆಗೆದುಕೊಂಡೆ. ಒಂದು ನಿಮಿಷವೂ ಹಿಡಿಯಲಿಲ್ಲ. ಹಾಳೆ ಇನ್ನೂ ನನ್ನ ಹತ್ತಿರ ಇದೆ, ಬೇಕಾದವರು ಆಮೇಲೆ ಬಂದು ನೋಡಬಹುದು. ಪೂರ್ವದ ಹೆಬ್ಬಾಗಿಲಿನ ಪಕ್ಕದಲ್ಲಿ ದೊಡ್ಡದಾಗಿ ಬರೆದಿದ್ದೇನೆ: "ಈ ಕಡೆ ಊಟ ಇಲ್ಲ."