ಉಪ್ಪು ಬೇಯಿಸಿದ ದ್ವೀಪ, ಕಡಲಹುಲ್ಲು ಹೊದ್ದ ಮನೆ

ಕೇಳುಗರೆಲ್ಲರಿಗೂ ನಮಸ್ಕಾರ.

ಡೆನ್ಮಾರ್ಕಿನ ಉತ್ತರಕ್ಕೆ, ಕಟ್ಟೆಗಾಟ್ ಕಡಲಿನಲ್ಲಿ ಲೇಸೊ ಎಂಬ ಒಂದು ದ್ವೀಪವಿದೆ. ನಮ್ಮ ಕಿವಿಗೆ ಅದು ‘ಲೇಸು’ ಎಂದೇ ಕೇಳಿಸುತ್ತದೆ. ಪಾಪ, ಅಲ್ಲಿನವರಿಗೆ ಇದು ಗೊತ್ತಿಲ್ಲ. ಫ್ರೆಡೆರಿಕ್ಸ್‌ಹಾವ್ನ್ ಬಂದರಿನಲ್ಲಿ ಹಡಗು ಹತ್ತಿದರೆ ಒಂದೂವರೆ ಗಂಟೆಯ ದಾರಿ. ಜನ ಸುಮಾರು 1,800. ಇಷ್ಟು ಜನಕ್ಕೇ ಒಂದು ಪುರಸಭೆ. 2007ರಲ್ಲಿ ಡೆನ್ಮಾರ್ಕ್ ಸರ್ಕಾರ 270ರಷ್ಟಿದ್ದ ಸ್ಥಳೀಯ ಆಡಳಿತಗಳನ್ನು ಕೂಡಿಸಿ 98ಕ್ಕೆ ಇಳಿಸಿತು. ಆಗಲೂ ಲೇಸೊ ಯಾರೊಳಗೂ ಸೇರಲಿಲ್ಲ. ಆ ದೇಶದಲ್ಲಿ ಇದಕ್ಕಿಂತ ಕಡಿಮೆ ಜನರಿರುವ ಪುರಸಭೆ ಇನ್ನೊಂದಿಲ್ಲ.

ಈ ಊರನ್ನು ನೋಡಲು ಹೋದವರು ಮೊದಲು ತಲೆಯೆತ್ತಿ ನೋಡುವುದು ಮನೆಗಳ ಮಾಡನ್ನು. ಮುಳಿಹುಲ್ಲಲ್ಲ, ಹೆಂಚಲ್ಲ, ಕಡಲಹುಲ್ಲು. ದಪ್ಪ ಹತ್ತಿರ ಹತ್ತಿರ ಒಂದು ಮೀಟರ್. ಗಿಡ್ಡ ಗೋಡೆಯ ಮೇಲೆ ಬೂದುಬಣ್ಣದ ಕಂಬಳಿ ಹೊದ್ದು ಯಾರೋ ಕುಕ್ಕರಗಾಲಲ್ಲಿ ಕುಳಿತ ಹಾಗೆ. ಎಷ್ಟು ಚಂದ ಅನ್ನಿಸುತ್ತದೆ! ಆದರೆ ಅದು ಚಂದಕ್ಕೆಂದು ಕಟ್ಟಿದ್ದಲ್ಲ, ಗತಿಯಿಲ್ಲದೆ ಕಟ್ಟಿದ್ದು.

ಕಾರಣ ಉಪ್ಪು. ದ್ವೀಪದ ದಕ್ಷಿಣದ ಬಯಲಿಗೆ ಕಡಲು ನುಗ್ಗುತ್ತದೆ, ಬೇಸಿಗೆಯಲ್ಲಿ ನೀರು ಆರುತ್ತದೆ, ಉಪ್ಪು ನೆಲಕ್ಕೆ ಇಳಿಯುತ್ತದೆ. ಹಾಗಾಗಿ ಅಲ್ಲಿ ಗುಂಡಿ ತೋಡಿದರೆ ಸಿಗುವ ನೀರು ಕಡಲಿನ ನೀರಿಗಿಂತ ಎಷ್ಟೋ ಪಟ್ಟು ಉಪ್ಪು. ಆದರೆ ಅದನ್ನು ಪೂರ್ತಿ ಹರಳಾಗಿಸುವ ಬಿಸಿಲು ಆ ಸೀಮೆಯಲ್ಲಿ ಎಲ್ಲಿಂದ ಬರಬೇಕು? ಕಬ್ಬಿಣದ ಹರಿವಾಣದಲ್ಲಿ ಸುರಿದು ಬೇಯಿಸಬೇಕು. ಬೇಯಿಸಲು ಸೌದೆ ಬೇಕು. ಹಾಗೆ ಉಪ್ಪು ಬೇಯಿಸುತ್ತಿದ್ದ ಕಾಲದಲ್ಲಿ ದ್ವೀಪ ಡೆನ್ಮಾರ್ಕಿನ ವಿಬೋರ್ಗ್ ಎಂಬ ಊರಿನ ದೊಡ್ಡ ಚರ್ಚಿನ ಪಾದ್ರಿಗಳ ಒಡೆತನದಲ್ಲಿತ್ತು. ಅವರಿಗೆ ಸಲ್ಲಬೇಕಾದ ಕಂದಾಯವೂ ಉಪ್ಪೇ. ಶತಮಾನಗಳ ಕಾಲ ಉರಿ ಆರಲಿಲ್ಲ. 17ನೇ ಶತಮಾನದ ನಡುವಿಗೆ ಬರುವಷ್ಟರಲ್ಲಿ ಕಾಡು ಬರಿದಾಗಿ, ಉಪ್ಪಿನ ಒಲೆಗಳೂ ಆರಿದವು. ಮರ ಹೋದ ಮೇಲೆ ಮರಳಿಗೆ ತಡೆಯೇನು? ಗಾಳಿಗೆ ಎದ್ದು ಹೊಲಗಳ ಮೇಲೆ ಬಂದು ಕೂತಿತು.

ಮನೆ ಕಟ್ಟಲು ತೊಲೆಯಿಲ್ಲ, ಹೊದಿಸಲು ಸಾಕಷ್ಟು ಒಣಹುಲ್ಲಿಲ್ಲ. ಸುತ್ತಲಿನ ಮರಳದಿಣ್ಣೆಗಳಿಗೆ ಬಡಿದು ಒಡೆದ ಹಡಗುಗಳ ಮರವೇ ತೊಲೆ, ಕಂಬವಾಯಿತು. ಅಲೆ ದಡಕ್ಕೆ ತಂದು ಹಾಕಿದ ಕಡಲಹುಲ್ಲೇ ಹೊದಿಕೆಯಾಯಿತು. ಇದು ಪಾಚಿಯಲ್ಲ, ನೀರೊಳಗೇ ಹೂ ಬಿಡುವ ಗಿಡ. ಒಣಗಿದ ಮೇಲೂ ಅದರಲ್ಲಿ ಉಪ್ಪು ಉಳಿದಿರುವುದರಿಂದ ಬೇಗ ಕೊಳೆಯದು, ಬೆಂಕಿಯೂ ಸುಲಭಕ್ಕೆ ಹಿಡಿಯದು. ಉಪ್ಪಿಗಾಗಿ ಕಾಡು ಕಳೆದುಕೊಂಡವರ ಮಾಡನ್ನು ಕಾಯ್ದದ್ದೂ ಉಪ್ಪೇ, ನೋಡಿ.

ಗಂಡಸರು ಕಡಲಿಗೆ ಹೋದರೆ ತಿಂಗಳುಗಟ್ಟಲೆ ಬರುತ್ತಿರಲಿಲ್ಲ. ಹೊಲ ನೋಡಿಕೊಂಡವರೂ ಹೆಂಗಸರೇ, ಮಾಡು ಹೊದಿಸಿದವರೂ ಅವರೇ. ಒಂದು ಮನೆಯ ಮಾಡೆಂದರೆ ಅಕ್ಕಪಕ್ಕದ ಹೆಂಗಸರೆಲ್ಲ ಸೇರುವ ಕೂಡುಗೆಲಸ. ಹುಲ್ಲನ್ನು ಹೊಸೆದು, ತೋಳಿಗಿಂತ ದಪ್ಪನೆಯ ಹುರಿ ಮಾಡಿ ಸೂರಿನ ಅಂಚಿನ ಗಳುಗಳಿಗೆ ಬಿಗಿಯುತ್ತಿದ್ದರು. ಅದಕ್ಕೆ ಅವರು ‘ವಾಸ್ಕರ್’ ಎನ್ನುತ್ತಾರೆ. ಅದರ ಮೇಲೆ ಹೊರೆ ಹೊರೆ ಹುಲ್ಲು ಹಾಸಿ, ಹತ್ತಿ ತುಳಿಯುವುದು. ಹಾಗೆ ತುಳಿದು ಕೂಡಿಸಿದ ಮಾಡು ನೂರಾರು ವರ್ಷ ನಿಂತಿದೆ.

1930ರ ದಶಕದಲ್ಲಿ ಕಡಲಹುಲ್ಲಿಗೇ ರೋಗ ಬಿತ್ತು. ಹುಲ್ಲು ದಡಕ್ಕೆ ಬರುವುದು ನಿಂತಿತು, ಹೊಸೆಯುವ ಕೈಗಳಿಗೂ ಕೆಲಸ ತಪ್ಪಿತು. ನೂರಾರಿದ್ದ ಅಂಥ ಮನೆಗಳಲ್ಲಿ ಈಗ ಉಳಿದಿರುವುದು 20ರ ಆಸುಪಾಸು. ರಿಪೇರಿಗೆ ಬೇರೆ ದ್ವೀಪಗಳಿಂದ ಹುಲ್ಲು ತರಿಸಿದ್ದೂ ಉಂಟು.

 

1990ರ ದಶಕದಲ್ಲಿ ಹಳೆಯ ಮಾದರಿಯಲ್ಲೇ ಒಂದು ಉಪ್ಪಿನ ಗುಡಿಸಲು ಕಟ್ಟಿದರು. ಒಳಗೆ ಹೋದರೆ ಕಣ್ಣು ಉರಿಯುವಷ್ಟು ಹೊಗೆ, ಆವಿ. ಹರಿವಾಣದ ತಳದಲ್ಲಿ ಕೂತ ಬಿಳಿ ಹರಳನ್ನು ಎಳೆದು, ಬುಟ್ಟಿಗೆ ತುಂಬಿ, ನೀರು ಬಸಿಯಲು ಇಡುತ್ತಾರೆ. ಸಂಜೆಯ ಹಡಗಿಗೆ ಹೊರಟವರ ಕೈಯಲ್ಲಿ ಆ ಉಪ್ಪಿನ ಪುಟ್ಟ ಚೀಲ ಇದ್ದೇ ಇರುತ್ತದೆ.

ನಮಸ್ಕಾರ.